ಮೂಡಿಗೆರೆಯ ನಾಳೆಯನ್ನು ಎಣಿಸಲು ಬರುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಮೂಡಿಗೆರೆ, ಕಳಸ ತಾಲ್ಲೂಕುಗಳಿಗೆ ಮಹಾಯೋಜನೆ, ರಸ್ತೆ ಅಗಲೀಕರಣದ ವರದಿ, ಬಸ್ ಮಾರ್ಗದ ಪಟ್ಟಿ, ಏನನ್ನೇ ತಯಾರಿಸಲು ಬರುವವರು ಮೊದಲು ಇದನ್ನು ಓದಿಕೊಳ್ಳಬೇಕು. ಹೆಸರು ಯಾವುದಾದರೂ ಒಳಗಿನ ಕೆಲಸ ಒಂದೇ. ಇನ್ನು ಇಪ್ಪತ್ತು ವರ್ಷದಲ್ಲಿ ಈ ಬೆಟ್ಟದ ಯಾವ ನೆಲ ಯಾವುದಕ್ಕೆ ಬಳಕೆಯಾದೀತು, ಆ ಬಳಕೆ ಎಷ್ಟು ಜನರನ್ನು, ಎಷ್ಟು ಗಾಡಿಗಳನ್ನು ರಸ್ತೆಗೆ ಇಳಿಸೀತು ಎಂದು ಅಂದಾಜು ಹಾಕುವುದು. ವರದಿಗೆ ಸಹಿ ಹಾಕುವ ಅಧಿಕಾರಿಗೂ, ಅದನ್ನು ಓದದೆ ಹೂಂಗುಟ್ಟುವ ಪಂಚಾಯ್ತಿ ಸದಸ್ಯರಿಗೂ, ‘ನಮ್ಮ ತೋಟದ ಬೇಲಿ ಮುಟ್ಟದಿದ್ದರೆ ಸೈ’ ಎನ್ನುವ ನಮ್ಮಂಥವರಿಗೂ ಈ ಸೂಚನೆ ಅನ್ವಯಿಸುತ್ತದೆ.

ಜನಗಣತಿಯ ಎರಡು ಚುಕ್ಕೆ ಸೇರಿಸಿ ಮುಂದಕ್ಕೆ ಗೆರೆ ಎಳೆಯಬಾರದು.

ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2001ರಲ್ಲಿ 11,40,905. 2011ರಲ್ಲಿ 11,37,961. ಹತ್ತು ವರ್ಷದಲ್ಲಿ 2,944 ಮಂದಿ ಕಡಿಮೆ. ಈ ಗೆರೆಯನ್ನು ನಂಬಿ ಮುಂದೆ ಹೋದರೆ ನಮಗೆ ಹೊಸ ರಸ್ತೆ ಬೇಡ, ಬಸ್ಸು ಬೇಡ, ಇರುವುದನ್ನೂ ಅರ್ಧ ಮುಚ್ಚಬಹುದು. ಆದರೆ ಉದ್ದನೆಯ ರಜೆ ಬಂದ ವಾರದ ಭಾನುವಾರ ಮಧ್ಯಾಹ್ನ ಕೊಟ್ಟಿಗೆಹಾರದ ವೃತ್ತದಲ್ಲಿ ನಿಂತು ನೋಡಿ. ನೀರುದೋಸೆ ತಿನ್ನಲು ನಿಲ್ಲಿಸಿದ ಕಾರುಗಳ ನಡುವೆ ಕಳಸದ ಬಸ್ಸು ತಿರುಗಲು ಜಾಗವಿಲ್ಲದೆ ಹಾರ್ನ್ ಹೊಡೆಯುತ್ತಿರುತ್ತದೆ. ಇಲ್ಲಿ ಮನೆ ಕಟ್ಟಿಕೊಂಡು ಇರುವವರ ಲೆಕ್ಕ ಬೇರೆ, ಇಲ್ಲಿನ ರಸ್ತೆ ಬಳಸುವವರ ಲೆಕ್ಕ ಬೇರೆ. ಗಣತಿ ಎಣಿಸುವುದು ಮೊದಲನೆಯವರನ್ನು ಮಾತ್ರ.

2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ಹೊಸ ಗಣತಿಗೆ ಗೊತ್ತುಮಾಡಿದ ದಿನ 2027ರ ಮಾರ್ಚ್ 1. ಅಂದರೆ ಮನೆಮನೆಯ ಎಣಿಕೆ ನಡೆಯುವುದು ಫೆಬ್ರುವರಿಯಲ್ಲಿ, ನಮ್ಮಲ್ಲಿ ರೊಬಸ್ಟಾ ಕುಯ್ಲು ಇನ್ನೂ ಮುಗಿಯದಿರುವಾಗ. ಅಸ್ಸಾಮಿನಿಂದ, ಜಾರ್ಖಂಡಿನಿಂದ, ಬಳ್ಳಾರಿ ರಾಯಚೂರಿನ ಕಡೆಯಿಂದ ಬಂದವರು ತೋಟದ ಲೈನ್ ಮನೆಗಳಲ್ಲಿ ತುಂಬಿರುತ್ತಾರೆ. ಏಪ್ರಿಲ್ ಹೊತ್ತಿಗೆ ಅದೇ ಲೈನಿನ ಬಾಗಿಲಿಗೆ ಬೀಗ. ಹಾಗಾಗಿ ಹೊಸ ಅಂಕಿ ಕೈಗೆ ಬಂದ ಕೂಡಲೇ ‘ಜನ ವಾಪಸು ಬಂದರು’ ಎಂದು ಬರೆಯಬಾರದು. ತೋಟದ ಹಾಜರಿ ಪುಸ್ತಕವನ್ನು ತಿಂಗಳುವಾರು ಕೇಳಿ ಪಡೆಯಬೇಕು. ರೈಟರುಗಳು ಕೊಡುತ್ತಾರೆ. ಮೊದಲು ಕಾಫಿ ಕುಡಿಯಬೇಕಾಗುತ್ತದೆ, ಅಷ್ಟೆ.

ಗಾಡಿ ಎಣಿಸುವ ದಿನವನ್ನು ಕಚೇರಿಯ ಅನುಕೂಲಕ್ಕೆ ಇಟ್ಟುಕೊಳ್ಳಬಾರದು.

ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳಿನ ಒಂದು ಮಂಗಳವಾರ ಮೂಡಿಗೆರೆಯ ಹ್ಯಾಂಡ್‌ಪೋಸ್ಟಿನಲ್ಲಿ ಇಬ್ಬರು ಹುಡುಗರು ಅಂಗಡಿಯ ಜಗಲಿ ಮೇಲೆ ಕೂತು, ಪ್ಲಾಸ್ಟಿಕ್ ಹೊದ್ದು, ಹಾಳೆಯ ಮೇಲೆ ಗೀಟು ಹಾಕುತ್ತಿದ್ದರು. ಎದುರಿನ ರಸ್ತೆ ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಯಾವ ಕಚೇರಿಯವರೋ, ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ಮಳೆಗಾಲದ ನಡುವಾರದ ಒಂದು ಹಗಲು ಈ ತಾಲ್ಲೂಕಿನ ರಸ್ತೆ ವರ್ಷದಲ್ಲೇ ಅತ್ಯಂತ ಖಾಲಿ ಇರುವ ಹೊತ್ತು. ಆ ಗೀಟುಗಳ ಮೇಲೆ ಯಾವ ಸೇತುವೆಯ ಅಗಲ ನಿರ್ಧಾರವಾಯಿತೋ!

ರಸ್ತೆ ಎಂಜಿನಿಯರರ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1972ರಲ್ಲೇ ಗ್ರಾಮಾಂತರ ರಸ್ತೆಗಳ ಎಣಿಕೆಗೆ ನಿಯಮ ಬರೆದಿಟ್ಟಿದೆ. ವರ್ಷಕ್ಕೆ ಕನಿಷ್ಠ ಎರಡು ಸಲ ಎಣಿಸಬೇಕು, ಒಮ್ಮೆ ಸುಗ್ಗಿ ಮತ್ತು ಮಾರಾಟದ ಭರದಲ್ಲಿ, ಒಮ್ಮೆ ಬಿಡುವಿನ ಕಾಲದಲ್ಲಿ. ಪ್ರತಿ ಸಲವೂ ಏಳು ದಿನ, ಹಗಲು ರಾತ್ರಿ ಬಿಡದೆ. ಬಯಲು ಸೀಮೆಗೆ ಅದು ಸಾಕು. ನಮಗೆ ಸಾಲದು. ಇಲ್ಲಿ ಕನಿಷ್ಠ ಇಷ್ಟು ಸಲ ಕೂರಬೇಕು: ಅರೇಬಿಕಾ ಕುಯ್ಲಿನ ಡಿಸೆಂಬರಿನಲ್ಲಿ ಒಂದು ವಾರ, ವರ್ಷದ ಕೊನೆಯ ರಜೆಯಲ್ಲಿ ಒಂದು ವಾರ (ಇದನ್ನು ಮೊದಲಿನದರೊಂದಿಗೆ ಬೆರೆಸಬಾರದು), ಜುಲೈ ಮಳೆಯಲ್ಲಿ, ನಡುವಾರವೂ ವಾರದ ಕೊನೆಯೂ ಸೇರಿದಂತೆ, ಒಂದು ವಾರ. ಇವುಗಳ ಜೊತೆಗೆ ಶಿವರಾತ್ರಿಗೆ ಮುಂಚಿನ ವಾರ. ಆ ವಾರ ಧರ್ಮಸ್ಥಳಕ್ಕೆ ನಡೆದು ಹೋಗುವವರು ಸಾಲುಗಟ್ಟಿ ಚಾರ್ಮಾಡಿ ಘಾಟಿ ಇಳಿಯುತ್ತಾರೆ. ಕೆಲವರ ಕಾಲಲ್ಲಿ ಚಪ್ಪಲಿಯೂ ಇರುವುದಿಲ್ಲ. ಎಂಜಿನಿಯರರ ಲೆಕ್ಕದಲ್ಲಿ ಕಾರು ಒಂದು ಘಟಕ, ಬಯಲಿನ ಲಾರಿ ಮೂರು ಘಟಕ, ನಡೆಯುವವನು ಸೊನ್ನೆ. ಆ ವಾರ ಘಾಟಿಯ ತಿರುವಿನಲ್ಲಿ ಲಾರಿ ಹಿಂದಕ್ಕೆ ಸರಿಯುವುದು ಈ ಸೊನ್ನೆಗಳ ನಡುವೆ. ಅವರನ್ನೂ ಎಣಿಸಬೇಕು. ಕಾಲುದಾರಿ ಬೇಕೋ ಬೇಡವೋ ಎಂಬುದನ್ನು ಆ ಎಣಿಕೆಯಿಂದಲೇ ತೀರ್ಮಾನಿಸಬೇಕು.

ಲಾರಿಗೆ ಘಾಟಿಯಲ್ಲೂ ಬಯಲಿನ ಮೂರು ಘಟಕವನ್ನೇ ಹಿಡಿಯಬಾರದು. ಏರಿನಲ್ಲಿ ಎರಡನೇ ಗೇರಿನಲ್ಲಿ ನರಳುವ ಒಂದು ಲಾರಿಯ ಹಿಂದೆ ಎಷ್ಟು ಕಾರು ಸಿಕ್ಕಿಬೀಳುತ್ತವೆ ಎಂದು ಅಲ್ಲೇ ನಿಂತು ಅಳೆಯಬೇಕು.

ಆಕಾಶದಿಂದ ತೆಗೆದ ಚಿತ್ರ ನೋಡಿ ‘ಕಾಡು’ ಎಂದು ಹಸಿರು ಬಳಿಯಬಾರದು.

ನಮ್ಮ ಕಾಫಿ ಬೆಳೆಯುವುದು ಮರದ ನೆರಳಿನಲ್ಲಿ. ಮೇಲಿಂದ ನೋಡಿದರೆ ತೋಟವೂ ಕಾಡೂ ಒಂದೇ ಹಸಿರು ಹೊದಿಕೆ. ಆ ಹೊದಿಕೆಯ ಕೆಳಗೆ ಹತ್ತು ಕೋಣೆಯ ಹೋಮ್‌ಸ್ಟೇ ಇರಬಹುದು, ಪಾರ್ಟಿ ಮಾಡುವ ಹುಲ್ಲುಹಾಸು ಇರಬಹುದು, ಮೂವತ್ತು ಕಾರು ನಿಲ್ಲುವ ಹಳೆಯ ಕಾಫಿ ಕಣ ಇರಬಹುದು. ಪಹಣಿಯ ಬೆಳೆ ಕಾಲಮ್ಮಿನಲ್ಲಿ ಮಾತ್ರ ಇಂದಿಗೂ ‘ಕಾಫಿ’. ಸುಳ್ಳಲ್ಲ, ಕಾಫಿಯೂ ಇದೆ. ಆದರೆ ಆ ಸರ್ವೆ ನಂಬರಿನಿಂದ ರಸ್ತೆಗೆ ಬರುವ ಗಾಡಿಗಳನ್ನು ಹುಟ್ಟಿಸುವುದು ಕಾಫಿ ಗಿಡವಲ್ಲ.

ಅದರಿಂದ ಭೂಬಳಕೆಯ ನಕ್ಷೆ ಮಾಡುವವರು ಮೂರು ದಾಖಲೆ ಪಕ್ಕಪಕ್ಕ ಇಟ್ಟುಕೊಳ್ಳಬೇಕು. ಪಹಣಿ ಒಂದು. ಮೆಸ್ಕಾಂನ ವಾಣಿಜ್ಯ ಮೀಟರುಗಳ ಪಟ್ಟಿ ಇನ್ನೊಂದು. ಪಂಚಾಯ್ತಿಯ ಕಸದ ಗಾಡಿ ಯಾವ ಗೇಟಿನ ಮುಂದೆ ವಾರಕ್ಕೆಷ್ಟು ಸಲ ನಿಲ್ಲುತ್ತದೆ ಎಂಬುದು ಮೂರನೆಯದು. ಈ ಮೂರನೆಯದು ಸುಳ್ಳು ಹೇಳುವುದಿಲ್ಲ. ಆಮೇಲೆ ಗ್ರಾಮ ಆಡಳಿತ ಅಧಿಕಾರಿಯ ಜೊತೆ ನಡೆದು ನೋಡಬೇಕು. ಜೀಪಿನಿಂದ ಇಳಿಯದೆ ಮಾಡಿದ ಸರ್ವೆಯನ್ನು ಒಪ್ಪಿಕೊಳ್ಳಬಾರದು.

ಗದ್ದೆಗಳನ್ನು ಬೇರೆಯಾಗಿಯೇ ಗುರುತಿಸಬೇಕು. ಹಳ್ಳದ ಬದಿಯ ಗದ್ದೆ ಮೊದಲು ಶುಂಠಿಗೆ ಹೋಗುತ್ತದೆ, ಆಮೇಲೆ ಅಡಿಕೆಗೆ, ಕೊನೆಗೆ ಮಣ್ಣು ತುಂಬಿ ಸೈಟಿಗೆ. ಮಳೆನೀರು ನಿಲ್ಲುತ್ತಿದ್ದ ಜಾಗ ಹೋದಮೇಲೆ ಅದೇ ನೀರು ರಸ್ತೆಯ ಮೋರಿಗೆ ಬರುತ್ತದೆ. ಗದ್ದೆ ಕಳೆದುಹೋಗುವುದನ್ನು ಕೃಷಿ ಅಧ್ಯಾಯದಲ್ಲಿ ಬರೆದು, ಮೋರಿ ಕೊಚ್ಚಿಹೋಗುವುದನ್ನು ರಸ್ತೆ ಅಧ್ಯಾಯದಲ್ಲಿ ಬರೆಯುವ ಅಭ್ಯಾಸವನ್ನು ಬಿಡಬೇಕು.

ಬೆಳವಣಿಗೆಯ ದರವನ್ನು ಪುಸ್ತಕದಿಂದ ಎತ್ತಿ ಹಾಕಬಾರದು. ಸ್ಥಳೀಯ ಮಾಹಿತಿ ಸಿಗದಿದ್ದರೆ ವರ್ಷಕ್ಕೆ ಶೇಕಡ 7.5 ಹಿಡಿಯಿರಿ ಎಂದು ರೋಡ್ಸ್ ಕಾಂಗ್ರೆಸ್ಸಿನ 2001ರ ಡಾಂಬರು ರಸ್ತೆಯ ಕೈಪಿಡಿ ಹೇಳಿತ್ತು. ಮುಂದಿನ ಆವೃತ್ತಿಗಳಲ್ಲಿ ಅದು 5ಕ್ಕೆ ಇಳಿಯಿತು. ವ್ಯತ್ಯಾಸ ಎರಡೂವರೆ, ಏನು ಮಹಾ ಅನ್ನಿಸಬಹುದು. ಇವತ್ತು ದಿನಕ್ಕೆ 1,000 ಗಾಡಿ ಓಡುವ ರಸ್ತೆಯಲ್ಲಿ ಇಪ್ಪತ್ತು ವರ್ಷದ ನಂತರ ಶೇಕಡ 5ರ ಲೆಕ್ಕಕ್ಕೆ 2,650 ಗಾಡಿ, 7.5ರ ಲೆಕ್ಕಕ್ಕೆ 4,250. ಒಂದು ಲೆಕ್ಕದಲ್ಲಿ ರಸ್ತೆ ಬದಿಯ ಹೊನ್ನೆ, ನಂದಿ ಮರಗಳು ಉಳಿಯುತ್ತವೆ, ಇನ್ನೊಂದರಲ್ಲಿ ಉರುಳುತ್ತವೆ. ಆದ್ದರಿಂದ ಒಂದೇ ಅಂಕಿ ಕೊಟ್ಟ ವರದಿಯನ್ನು ವಾಪಸು ಕಳಿಸಬೇಕು. ಕಾಫಿ ಬೆಲೆ ಏರಿದರೆ ಎಷ್ಟು, ಕುಸಿದರೆ ಎಷ್ಟು, ಹೋಮ್‌ಸ್ಟೇಗಳಿಗೆ ಕಡಿವಾಣ ಬಿದ್ದರೆ ಎಷ್ಟು ಎಂದು ಕನಿಷ್ಠ ಮೂರು ಲೆಕ್ಕ ಇರಬೇಕು.

ಘಾಟಿಗಳನ್ನು ಒಂದೊಂದಾಗಿ ಲೆಕ್ಕ ಹಾಕಬಾರದು.

ಚಾರ್ಮಾಡಿಯ ವರದಿ ಮಾಡುವವರು ಚಾರ್ಮಾಡಿಯನ್ನೇ ಎಣಿಸುತ್ತಾರೆ, ಶಿರಾಡಿಯವರು ಶಿರಾಡಿಯನ್ನು. ಬೆಟ್ಟಕ್ಕೆ ಹೆದ್ದಾರಿಯ ನಂಬರು ಗೊತ್ತಿಲ್ಲ. 2018ರ ಆಗಸ್ಟಿನಲ್ಲಿ ಶಿರಾಡಿ ಕುಸಿದಾಗ ಅಲ್ಲಿನ ಭಾರವೆಲ್ಲ ನಮ್ಮ ಮೇಲೆ ಬಿತ್ತು. ಮರುವರ್ಷ, 2019ರ ಆಗಸ್ಟಿನಲ್ಲಿ, ಚಾರ್ಮಾಡಿಯೇ ಜಾಗಜಾಗದಲ್ಲಿ ಕುಸಿದು ಮುಚ್ಚಿತು. ತೆರೆದ ಮೇಲೂ ಬಹುಕಾಲ ಸಣ್ಣ ಗಾಡಿಗಳಿಗಷ್ಟೇ ಬಿಟ್ಟರು. ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದವರು ಎಲ್ಲೆಲ್ಲೋ ಸುತ್ತಿ ಹೋದರು. ಅದೇ ಮಳೆಯಲ್ಲಿ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜರಿದು ಮನೆ, ಗದ್ದೆ, ತೋಟ ಹೋದವು.

ಈ ಎರಡು ವರ್ಷದ ಎಣಿಕೆಯನ್ನು ‘ಅಸಹಜ’ ಎಂದು ಪಕ್ಕಕ್ಕಿಡುವ ಪದ್ಧತಿಯಿದೆ. ಇಡಬಾರದು. ಒಂದು ಘಾಟಿ ಮುಚ್ಚಿದಾಗ ಇನ್ನೊಂದು ಎಷ್ಟು ಹೊರುತ್ತದೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪರೀಕ್ಷೆ ಯಾರೂ ಮಾಡಲಾರರು. ಬೆಟ್ಟವೇ ಮಾಡಿ ತೋರಿಸಿದೆ. ಚಾರ್ಮಾಡಿ, ಶಿರಾಡಿ, ಕುದುರೆಮುಖದ ಎಸ್.ಕೆ. ಬಾರ್ಡರ್ ದಾರಿ, ಆಗುಂಬೆ, ಬಿಸಿಲೆ ಎಲ್ಲವನ್ನೂ ಒಂದೇ ಜಾಲವಾಗಿ ಬರೆದುಕೊಂಡು, ಒಂದೊಂದನ್ನೇ ಅಳಿಸಿ ನೋಡಬೇಕು. ಎರಡನ್ನು ಒಟ್ಟಿಗೆ ಅಳಿಸಿಯೂ ನೋಡಬೇಕು. ಆಗ ಹ್ಯಾಂಡ್‌ಪೋಸ್ಟಿನಲ್ಲಿ, ಜನ್ನಾಪುರದಲ್ಲಿ, ಹಾನುಬಾಳಿನಲ್ಲಿ ಏನಾಗುತ್ತದೆ ಎಂಬ ಉತ್ತರ ವರದಿಯ ಮೊದಲ ಪುಟದಲ್ಲಿರಬೇಕು, ಅನುಬಂಧದಲ್ಲಲ್ಲ.

ಕುಸಿದ ಗುಡ್ಡದ ಬುಡವನ್ನೇ ಮತ್ತೆ ಕಡಿದು ರಸ್ತೆ ಅಗಲ ಮಾಡುವ ಪ್ರಸ್ತಾವಕ್ಕೆ ಭೂವಿಜ್ಞಾನಿಯ ಸಹಿ ಇಲ್ಲದೆ ಅಂದಾಜು ಪಟ್ಟಿ ಬರೆಯಬಾರದು. ಜಲಪಾತ ಕಂಡಲ್ಲೆಲ್ಲ ಕಾರು ನಿಲ್ಲಿಸುವವರಿಂದ ಘಾಟಿಯ ಒಂದು ಬದಿ ಹೇಗೂ ಮುಚ್ಚಿರುತ್ತದೆ. ಅಗಲ ಮಾಡಿದ ಜಾಗದಲ್ಲಿ ಎರಡು ಸಾಲು ನಿಲ್ಲಿಸುತ್ತಾರೆ, ಅಷ್ಟೇ ಲಾಭ.

ಕುದುರೆಮುಖವನ್ನು ನೋಡದೆ ‘ಭವಿಷ್ಯದ ಪಟ್ಟಣ’ ಎಂಬ ಪದ ಬಳಸಬಾರದು.

ಇದು ಸೂಚನೆಗಿಂತ ಅಪ್ಪಣೆ. ಇಲ್ಲಿಗೆ ಬರುವ ಪ್ರತಿ ಯೋಜಕನೂ ಒಂದು ದಿನ ಕುದುರೆಮುಖದ ಟೌನ್‌ಶಿಪ್ಪಿನಲ್ಲಿ ಸುತ್ತಾಡಬೇಕು. 1975ರಲ್ಲಿ ಇರಾನ್ ದೇಶದೊಂದಿಗೆ ಅದಿರಿನ ಒಪ್ಪಂದವಾಯಿತು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಸಾರಿಗೆಯ ಲೆಕ್ಕ ಅವರು ಅದ್ಭುತವಾಗಿ ಹಾಕಿದ್ದರು. ಅದಿರನ್ನು ಲಾರಿಗೆ ತುಂಬಲೇ ಇಲ್ಲ. ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಸಿದರು. ಬೆಟ್ಟದ ಇಳಿಜಾರನ್ನೇ ಎಂಜಿನ್ ಮಾಡಿಕೊಂಡ ಕೆಲಸ. ಮನೆ, ಶಾಲೆ, ಆಸ್ಪತ್ರೆ, ಪೇಟೆ ಎಲ್ಲ ಇದ್ದ ಊರು ಕಾಡಿನ ನಡುವೆ ಎದ್ದು ನಿಂತಿತು.

ಲೆಕ್ಕ ತಪ್ಪಿದ್ದು ಬೇರೆ ಕಡೆ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಕೊಳ್ಳುವವನೇ ಹಿಂದೆ ಸರಿದ. ಕಂಪನಿ ಬೇರೆ ಗಿರಾಕಿಗಳನ್ನು ಹುಡುಕಿಕೊಂಡು ಉಳಿಯಿತು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಕೊನೆಯ ದಿನ ಗಣಿಗಾರಿಕೆ ನಿಂತಿತು. ಮೂವತ್ತು ವರ್ಷ ತುಂಬುವುದರೊಳಗೆ ಒಂದು ಊರಿನ ಬದುಕಿಗೆ ಆಧಾರವಾಗಿದ್ದ ಕೆಲಸ ಇಲ್ಲವಾಯಿತು. ಮೇಲೆ ಹೇಳಿದ 2001, 2011ರ ಗಣತಿಗಳ ನಡುವೆಯೇ ಇದೂ ನಡೆದದ್ದು. ಗಣಿಗೆಂದು ಗಟ್ಟಿಯಾದ ರಸ್ತೆಯಲ್ಲಿ ಈಗ ಓಡುವುದು ಹೊರನಾಡು, ಕಳಸದ ಭಕ್ತರ ಗಾಡಿಗಳು ಮತ್ತು ಬೆಟ್ಟ ಹತ್ತಲು ಬರುವ ಬೆಂಗಳೂರಿನ ಹುಡುಗರು. ಯಾವ ಯೋಜನೆಯ ಯಾವ ಪುಟದಲ್ಲೂ ಇವರಿರಲಿಲ್ಲ.

ಹಾಗಾಗಿ ಒಂದೇ ಬೆಳೆ, ಒಂದೇ ಕಂಪನಿ, ಒಂದೇ ರೆಸಾರ್ಟ್ ಸಮೂಹದ ಮೇಲೆ ನಿಂತ ಅಂದಾಜಿನಲ್ಲಿ ‘ಇದು ನಿಂತುಹೋದರೆ?’ ಎಂಬ ಒಂದು ಅಧ್ಯಾಯ ಕಡ್ಡಾಯ.

ಬಸ್ಸಿನ ವಿಷಯ. ಬಸ್ಸಿಲ್ಲದ ದಾರಿಯಲ್ಲಿ ಬಸ್ಸು ಹತ್ತುವವರಿಲ್ಲ ಎಂದು ಬರೆಯಬಾರದು. ಕೊಪ್ಪದ ಸಹಕಾರ ಸಾರಿಗೆಯನ್ನು ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದರು. ಮಲೆನಾಡಿನ ಮೂಲೆ ಊರುಗಳಿಗೆ ಅದೇ ಗಡಿಯಾರವಾಗಿತ್ತು. 2020ರ ಫೆಬ್ರುವರಿಯಲ್ಲಿ ನಷ್ಟ ತಾಳಲಾರದೆ ನಿಂತಿತು. ಆಮೇಲೆ ಆ ಮಾರ್ಗದಲ್ಲಿ ಎಣಿಸಿದವರಿಗೆ ಬಸ್ಸಿನ ಪ್ರಯಾಣಿಕರು ಸಿಕ್ಕರೆ ತಾನೆ? ಅವರೆಲ್ಲ ಬೈಕು ಕೊಂಡರು, ಪಿಕಪ್ಪಿನ ಹಿಂದೆ ನಿಂತರು, ಅಥವಾ ಮನೆಯಲ್ಲೇ ಉಳಿದರು. ಮನೆಯಲ್ಲೇ ಉಳಿದವರನ್ನು ಕೇಳಬೇಕು. ಮುಖ್ಯವಾಗಿ ಹೆಂಗಸರನ್ನು, ಅದೂ ಯಜಮಾನರು ಎದುರಿಗಿಲ್ಲದಾಗ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರ ಟಿಕೆಟ್ ಉಚಿತವಾಯಿತು. ಅದಕ್ಕೆ ಹಿಂದಿನ ಮತ್ತು ಮುಂದಿನ ಅಂಕಿಗಳನ್ನು ಒಂದೇ ಗೆರೆಯಲ್ಲಿ ಜೋಡಿಸಬಾರದು. ಖಾಸಗಿ ಬಸ್ಸಷ್ಟೇ ಓಡುವ ದಾರಿಗೂ ಆ ಲೆಕ್ಕ ಹೊಂದುವುದಿಲ್ಲ.

ಕೂಲಿಗೆ ಹೋಗುವವರ ಪ್ರಯಾಣವನ್ನು ತೋಟದ ಮಾಲೀಕರನ್ನು ಕೇಳಿ ಬರೆದುಕೊಳ್ಳಬಾರದು. ಹಿಂದೆ ಆಳುಗಳು ಲೈನಿನಲ್ಲೇ ಇದ್ದರು, ಕೆಲಸಕ್ಕೆ ನಡೆದರು. ಈಗ ಎಷ್ಟೋ ಜನ ಬೆಳಿಗ್ಗೆ ಜೀಪಿನಲ್ಲಿ, ಪಿಕಪ್ಪಿನಲ್ಲಿ ಬರುತ್ತಾರೆ, ಸಂಜೆ ಹಾಗೇ ಹೋಗುತ್ತಾರೆ. ಈ ಓಡಾಟ ಯಾವ ಟಿಕೆಟ್ ಯಂತ್ರದಲ್ಲೂ ದಾಖಲಾಗುವುದಿಲ್ಲ. ಊರುಬಗೆ, ಕುಂದೂರು ಕಡೆ ಆನೆಯ ಭಯದಿಂದ ಅರ್ಧ ಮೈಲಿಗೂ ಗಾಡಿ ಹತ್ತುವವರಿದ್ದಾರೆ. ಅವರಿಗೆ ಗಾಡಿ ಕೊಡಿಸಿದ್ದು ಆದಾಯವಲ್ಲ, ಆನೆ. ಆನೆ ದಾಟುವ ಜಾಗಗಳನ್ನು ಅರಣ್ಯ ಇಲಾಖೆಯಿಂದ ಪಡೆದು ರಸ್ತೆ ನಕ್ಷೆಯ ಮೇಲೆಯೇ ಗುರುತಿಸಬೇಕು.

ನಾಲ್ಕು ಪ್ರಶ್ನೆಗಳ ಹಳೆಯ ಕ್ರಮವನ್ನು ಕಣ್ಣುಮುಚ್ಚಿ ನಂಬಬಾರದು. ಪ್ರಯಾಣ ಎಲ್ಲಿ ಹುಟ್ಟುತ್ತದೆ, ಎಲ್ಲಿಗೆ ಹೋಗುತ್ತದೆ, ಯಾವ ಗಾಡಿಯಲ್ಲಿ, ಯಾವ ದಾರಿಯಲ್ಲಿ ಎಂಬ ಈ ಕ್ರಮ 1950ರ ದಶಕದ ಡೆಟ್ರಾಯಿಟ್, ಶಿಕಾಗೊ ಅಧ್ಯಯನಗಳಲ್ಲಿ ರೂಪುಗೊಂಡದ್ದು. ಬೆಳಿಗ್ಗೆ ಮನೆಯಿಂದ ಹೊರಟು ಕಾರ್ಖಾನೆಗೆ ಹೋಗಿ ಸಂಜೆ ವಾಪಸಾಗುವವನು ಅದರ ನಾಯಕ. ನಮ್ಮ ರಸ್ತೆ ತುಂಬಿಸುವವನು ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಹುಟ್ಟುತ್ತಾನೆ. ಅವನನ್ನು ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ಒಂದು ಪ್ರಶ್ನೆ ಹೆಚ್ಚಾಗಿ ಕೇಳಬೇಕು: ರಸ್ತೆ ಇನ್ನೂ ಚೆನ್ನಾಗಿದ್ದರೆ ವರ್ಷಕ್ಕೆ ಎಷ್ಟು ಸಲ ಬರುತ್ತೀರಿ? ಅಗಲ ಮಾಡಿದ ರಸ್ತೆ ಇರುವ ಗಾಡಿಗಳನ್ನು ಹೊರುವುದಷ್ಟೇ ಅಲ್ಲ, ಇಲ್ಲದ ಗಾಡಿಗಳನ್ನು ಕರೆಯುತ್ತದೆ.

ಹೊರಗಿನ ಅನುಭವವನ್ನೂ ಓದಬೇಕು. ಸಂಶೋಧಕ ಬೆಂಟ್ ಫ್ಲೈವ್‌ಬರ್ಗ್ ಮತ್ತು ಜೊತೆಗಾರರು 14 ದೇಶಗಳ 210 ಸಾರಿಗೆ ಯೋಜನೆಗಳನ್ನು ತೆಗೆದುಕೊಂಡು, ಹೇಳಿದ್ದೆಷ್ಟು ಬಂದದ್ದೆಷ್ಟು ಎಂದು ಹೋಲಿಸಿ 2005ರಲ್ಲಿ ಪ್ರಕಟಿಸಿದರು. ಹತ್ತರಲ್ಲಿ ಒಂಬತ್ತು ರೈಲು ಯೋಜನೆಗಳು ಪ್ರಯಾಣಿಕರನ್ನು ಹೆಚ್ಚಾಗಿ ತೋರಿಸಿದ್ದವು. ರಸ್ತೆಗಳಲ್ಲಿ ಅರ್ಧದಷ್ಟರ ಅಂದಾಜು ಶೇಕಡ 20ಕ್ಕಿಂತ ಹೆಚ್ಚು ತಪ್ಪಿತ್ತು. ನಮ್ಮದೇ ಉದಾಹರಣೆ ಬೇಕಿದ್ದರೆ, ಕಡೂರು–ಚಿಕ್ಕಮಗಳೂರು–ಸಕಲೇಶಪುರ ಎಂದು ಹೊರಟ ರೈಲು 2013ರಲ್ಲಿ ಚಿಕ್ಕಮಗಳೂರು ಮುಟ್ಟಿ, ಮುಂದಿನ ಯೋಜನೆ ಬೇಲೂರು, ಹಾಸನದ ಕಡೆ ತಿರುಗಿತು. ಮೂಡಿಗೆರೆಗೆ ಸಿಳ್ಳೆ ಕೇಳಿಸಲಿಲ್ಲ. ಬರುವ ರೈಲನ್ನು ನಂಬಿ ಸೈಟು ಗುರುತಿಸಬಾರದು.

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಪ್ರಶ್ನೆಯನ್ನು ‘ನಂತರ ನೋಡೋಣ’ ಎಂದು ಬಿಡಬಾರದು. ಕಸ್ತೂರಿರಂಗನ್ ವರದಿ 2013ರದು, ಆರನೆಯ ಕರಡು ಅಧಿಸೂಚನೆ 2024ರ ಜುಲೈ 31ರದು, ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ರಾಜ್ಯ ಒಪ್ಪಿಲ್ಲ. ನೀವು ಒಪ್ಪುತ್ತೀರೋ ಬಿಡುತ್ತೀರೋ, ಜಾರಿಯಾದರೆ ಒಂದು ನಕ್ಷೆ, ಆಗದಿದ್ದರೆ ಒಂದು ನಕ್ಷೆ, ಎರಡೂ ಇರಬೇಕು.

ಕೊನೆಗೆ ಅಹವಾಲು ಸಭೆ. 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯಡಿ ಕರಡನ್ನು ಪ್ರಕಟಿಸಿ ಆಕ್ಷೇಪಣೆ ಕೇಳಲೇಬೇಕು. ಕರಡು ಕನ್ನಡದಲ್ಲಿರಬೇಕು, ನಕ್ಷೆಯಲ್ಲಿ ಸರ್ವೆ ನಂಬರು ಕಾಣಬೇಕು. ಬಣ್ಣದ ಅರ್ಥ ಹೇಳುವ ಪಟ್ಟಿಯನ್ನು ಇರುವೆ ಅಕ್ಷರದಲ್ಲಿ ಮೂಲೆಗೆ ತಳ್ಳಬಾರದು. ಸಭೆಯನ್ನು ಕುಯ್ಲಿನ ನಡುವೆ ಇಡಬಾರದು, ಆಳುಗಳು ಬರಲಾರರು. ಚಿಕ್ಕಮಗಳೂರಿನಲ್ಲಿ ಒಂದು ಸಭೆ ಮಾಡಿ ಮುಗಿಸಬಾರದು. ಮೂಡಿಗೆರೆ, ಬಣಕಲ್, ಕಳಸದಲ್ಲಿ ಬೇರೆ ಬೇರೆ ಆಗಬೇಕು. ಮಳೆಗಾಲದಲ್ಲೇ ಇಡುವುದಾದರೆ ಭದ್ರೆಯ ನೀರು ನೋಡಿಕೊಂಡು ದಿನ ಗೊತ್ತುಮಾಡಬೇಕು. ಹೆಬ್ಬಾಳೆ ಸೇತುವೆ ಮುಳುಗಿದ ದಿನ ಹೊರನಾಡಿನವರು ಹಳುವಳ್ಳಿ ಸುತ್ತಿ ಕಳಸಕ್ಕೆ ಬರಬೇಕು. ಬರುವಷ್ಟರಲ್ಲಿ ಸಭೆ ಮುಗಿದಿದ್ದರೆ, ಖಾಲಿ ಕುರ್ಚಿಗಳನ್ನು ನೋಡಿ ನಡಾವಳಿ ಪುಸ್ತಕದಲ್ಲಿ ‘ಆಕ್ಷೇಪಣೆ ಇಲ್ಲ’ ಎಂದು ಬರೆಯಬಾರದು. ‘ಸೇತುವೆ ಮುಳುಗಿತ್ತು’ ಎಂದು ಬರೆಯಬೇಕು.